ಹೊರದೇಶದಲ್ಲಿ ವಿಟಮಿನ್, ಕ್ಯಾಲ್ಸಿಯಂ, ಐರನ್ ಮಾತ್ರೆ ಕೊಳ್ಳುವಾಗ: ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕ, ಬ್ರಿಟನ್, ಕೆನಡಾ, ಜರ್ಮನಿ, ಆಸ್ಟ್ರೇಲಿಯಾ, ಕೊಲ್ಲಿ ದೇಶಗಳಲ್ಲಿ ನೆಲೆಸಿರುವ ಕನ್ನಡಿಗರು, ಅದರಲ್ಲೂ ಸಸ್ಯಾಹಾರಿ ಮನೆಯವರು, ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿವು. ಇಲ್ಲಿ ಕೊಟ್ಟಿರುವ ಪ್ರಮಾಣಗಳು ಆರೋಗ್ಯವಾಗಿರುವ ದೊಡ್ಡವರಿಗೆ. ಕಿಡ್ನಿ ತೊಂದರೆ, ಕಿಡ್ನಿಯಲ್ಲಿ ಕಲ್ಲು, ಲಿವರ್ ತೊಂದರೆ ಇದ್ದವರು, ರಕ್ತ ತೆಳುವಾಗಲು ಮಾತ್ರೆ ನುಂಗುತ್ತಿರುವವರು ಡಾಕ್ಟರನ್ನು ಕೇಳದೆ ಏನನ್ನೂ ಶುರು ಮಾಡಬೇಡಿ.

ಊರಲ್ಲಿದ್ದಾಗ ಏನೂ ತಗೊಳ್ತಿರಲಿಲ್ಲ. ಇಲ್ಲಿಗೆ ಬಂದ ಮೇಲೆ ನಿಜವಾಗಿಯೂ ಏನಾದರೂ ಬೇಕಾ?

ಹೆಚ್ಚಿನವರಿಗೆ ಯೋಚಿಸಬೇಕಾದದ್ದು ಎರಡೇ: ವಿಟಮಿನ್ ಡಿ ಮತ್ತು ಬಿ12. ಮುಟ್ಟಿನಲ್ಲಿ ರಕ್ತ ಜಾಸ್ತಿ ಹೋಗುವವರಿಗೆ, ಬಸುರಿಯರಿಗೆ ಐರನ್ ಸೇರುತ್ತದೆ. ಅಂಗಡಿಯ ಮೂರು ಸಾಲು ತುಂಬಾ ಜೋಡಿಸಿಟ್ಟಿರುವ ಉಳಿದ ಡಬ್ಬಿಗಳಲ್ಲಿ ಬಹುಪಾಲು ನಿಮಗೆ ಬೇಕಿಲ್ಲ.

ಬೆಂಗಳೂರು ಇರುವುದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ, ಲಂಡನ್ 51ರಲ್ಲಿ. ಅಕ್ಟೋಬರಿನಿಂದ ಮಾರ್ಚ್ ತನಕ ಬ್ರಿಟನ್ನಿನಲ್ಲಿ ಬಿಸಿಲು ಬಿದ್ದರೂ ಅದರಲ್ಲಿ ಚರ್ಮ ವಿಟಮಿನ್ ಡಿ ತಯಾರಿಸುವಷ್ಟು ಯುವಿ-ಬಿ ಕಿರಣ ಇರುವುದಿಲ್ಲ. ನಮ್ಮ ಮೈಬಣ್ಣಕ್ಕೆ ಬೇಸಿಗೆಯಲ್ಲೂ ಹೆಚ್ಚು ಹೊತ್ತಿನ ಬಿಸಿಲು ಬೇಕು. ಆದ್ದರಿಂದಲೇ ಅಲ್ಲಿನ ಸರ್ಕಾರ ಚಳಿಗಾಲದಲ್ಲಿ ಎಲ್ಲರೂ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವಂತೆ, ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ತೆಗೆದುಕೊಳ್ಳುವುದನ್ನು ಯೋಚಿಸುವಂತೆ ಹೇಳುತ್ತದೆ. ದುಬೈಯಲ್ಲಿ ಬಿಸಿಲಿಗೆ ಬರವಿಲ್ಲ, ಆದರೂ ಕೊರತೆ ಬರುತ್ತದೆ: ಮನೆ, ಕಾರು, ಆಫೀಸು ಎಲ್ಲವೂ ಎಸಿ, ಮತ್ತು ಕಿಟಕಿಯ ಗಾಜು ಯುವಿ-ಬಿಯನ್ನು ಒಳಗೆ ಬಿಡುವುದಿಲ್ಲ.

ಬಿ12 ಸೊಪ್ಪು, ಬೇಳೆ, ಕಾಳುಗಳಲ್ಲಿ ಇಲ್ಲ. ಸಸ್ಯಾಹಾರಿಗಳಿಗೆ ಅದು ಬರುವುದು ಹಾಲು, ಮೊಸರು, ಮಜ್ಜಿಗೆಯಿಂದ. ಇಲ್ಲಿ ಬಂದು ಓಟ್ಸ್ ಹಾಲಿಗೋ ಬಾದಾಮಿ ಹಾಲಿಗೋ ಬದಲಾದವರು ಆ ಪೆಟ್ಟಿಗೆಯ ಮೇಲೆ ಬಿ12 ಸೇರಿಸಿದ್ದಾರಾ ಎಂದು ನೋಡಲೇಬೇಕು. ಎಲ್ಲ ಕಂಪನಿಯವರೂ ಸೇರಿಸುವುದಿಲ್ಲ.

ಇನ್ನೊಂದು, ಯಾರ ಗಮನಕ್ಕೂ ಬಾರದ್ದು: ಉಪ್ಪು. ಭಾರತದಲ್ಲಿ ಅಡುಗೆ ಉಪ್ಪಿಗೆ ಅಯೋಡಿನ್ ಸೇರಿಯೇ ಬರುತ್ತದೆ. ಬ್ರಿಟನ್ನಿನ ಅಂಗಡಿಯ ಉಪ್ಪಿನಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಅಮೆರಿಕದಲ್ಲಿ ಎರಡೂ ಬಗೆ ಸಿಗುತ್ತವೆ. ಗುಲಾಬಿ ಉಪ್ಪು, ಸಮುದ್ರದ ಉಪ್ಪು ಎಂದು ದುಬಾರಿ ಬೆಲೆಗೆ ತರುವುದರಲ್ಲಿ ಅಯೋಡಿನ್ ನಂಬುವಷ್ಟು ಇರುವುದಿಲ್ಲ. ಅಯೋಡೈಸ್ಡ್ ಎಂದು ಬರೆದಿರುವ ಉಪ್ಪು ತಂದರೆ ಸಾಕು. ಅಯೋಡಿನ್‌ಗಾಗಿ ಕೆಲ್ಪ್ ಎಂಬ ಕಡಲಪಾಚಿಯ ಮಾತ್ರೆ ಬೇಡ. ಅದರಲ್ಲಿ ಪ್ರಮಾಣ ಅತಿಯಾಗಿ ಥೈರಾಯ್ಡ್ ಏರುಪೇರಾಗಬಹುದು.

ಮೊದಲು ರಕ್ತ ಪರೀಕ್ಷೆ ಮಾಡಿಸಬೇಕಾ? ರಿಪೋರ್ಟಿನಲ್ಲಿ ಇಲ್ಲಿಯ ಅಂಕಿ ಬೇರೆ, ಭಾರತದ ಅಂಕಿ ಬೇರೆ ಬರುತ್ತಿದೆ.

ದಿನಕ್ಕೆ 10ರಿಂದ 20 ಮೈಕ್ರೋಗ್ರಾಂ ವಿಟಮಿನ್ ಡಿ ತೆಗೆದುಕೊಳ್ಳಲು ಪರೀಕ್ಷೆ ಬೇಕಿಲ್ಲ. ಹೆಚ್ಚಿನ ಡೋಸಿಗೆ, ಐರನ್‌ಗೆ ಬೇಕು. ಬಹಳ ವರ್ಷಗಳಿಂದ ಸಸ್ಯಾಹಾರಿಯಾಗಿರುವವರು, ಕೈಕಾಲು ಜೋಮು, ಸುಸ್ತು ಇರುವವರು ಬಿ12 ಪರೀಕ್ಷೆಯನ್ನು ಮಾತ್ರೆ ಶುರು ಮಾಡುವ ಮೊದಲೇ ಮಾಡಿಸಿ. ಮಾತ್ರೆ ನುಂಗಿದ ಮೇಲೆ ಅಂಕಿ ಏರಿಬಿಡುತ್ತದೆ, ಆಗ ಮೊದಲು ಎಷ್ಟಿತ್ತು ಎಂದು ಯಾರಿಗೂ ಗೊತ್ತಾಗುವುದಿಲ್ಲ.

ಅಂಕಿ ಬೇರೆ ಬರುವುದು ಅಳತೆ ಬೇರೆ ಇರುವುದರಿಂದ. ಭಾರತ, ಅಮೆರಿಕದಲ್ಲಿ ವಿಟಮಿನ್ ಡಿಯನ್ನು ನ್ಯಾನೋಗ್ರಾಂ ಪ್ರತಿ ಮಿಲಿಲೀಟರ್ ಎಂದು ಬರೆಯುತ್ತಾರೆ. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾದಲ್ಲಿ ನ್ಯಾನೋಮೋಲ್ ಪ್ರತಿ ಲೀಟರ್. ಮೊದಲನೆಯದನ್ನು 2.5ರಿಂದ ಗುಣಿಸಿದರೆ ಎರಡನೆಯದು. ಬೆಂಗಳೂರಿನ ರಿಪೋರ್ಟಿನಲ್ಲಿ 20 ಇದ್ದವರಿಗೆ ಲಂಡನ್ನಿನಲ್ಲಿ 50 ಬಂದರೆ ಏನೂ ಬದಲಾಗಿಲ್ಲ ಎಂದರ್ಥ. ಲಂಡನ್ನಿನ 30 ಎಂದರೆ ಬೆಂಗಳೂರಿನ ಲೆಕ್ಕದಲ್ಲಿ ಬರೀ 12, ಅದು ಕೊರತೆಯೇ. 20, ಅಂದರೆ 50 ನ್ಯಾನೋಮೋಲ್, ಇದ್ದರೆ ಬಹುಪಾಲು ಜನರ ಮೂಳೆಗೆ ಸಾಕು.

ಬಿ12ಗೂ ಇದೇ ಗೊಂದಲ. ಭಾರತ, ಅಮೆರಿಕದಲ್ಲಿ ಪಿಕೋಗ್ರಾಂ ಪ್ರತಿ ಮಿಲಿಲೀಟರ್, ಕೆನಡಾ, ಆಸ್ಟ್ರೇಲಿಯಾದಲ್ಲಿ ಪಿಕೋಮೋಲ್ ಪ್ರತಿ ಲೀಟರ್. ಪಿಕೋಮೋಲನ್ನು 1.355ರಿಂದ ಗುಣಿಸಿ. 150 ಪಿಕೋಮೋಲ್ ಅಂದರೆ ಸುಮಾರು 203 ಪಿಕೋಗ್ರಾಂ. 200ರಿಂದ 300 ಪಿಕೋಗ್ರಾಂ ನಡುವೆ ಇದ್ದರೆ ಅನುಮಾನದ ಜಾಗ. ಕೊರತೆ ನಿಜವಾಗಿಯೂ ಇದೆಯಾ ಎಂದು ತಿಳಿಸುವ ಮೀಥೈಲ್ ಮಲೋನಿಕ್ ಆಸಿಡ್ ಪರೀಕ್ಷೆ ಮಾಡಿಸಬಹುದಾ ಎಂದು ಡಾಕ್ಟರನ್ನು ಕೇಳಿ.

ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ತಗೊಳ್ಳುತ್ತಿದ್ದರೆ ರಕ್ತ ಕೊಡುವ ಮೊದಲು ಹೇಳಿ. ದಿನಕ್ಕೆ ಬೇಕಾದದ್ದು 30 ಮೈಕ್ರೋಗ್ರಾಂ ಇದ್ದರೆ ಈ ಡಬ್ಬಿಗಳಲ್ಲಿ 5,000, 10,000 ಇರುತ್ತದೆ. ಅಷ್ಟು ಬಯೋಟಿನ್ ಲ್ಯಾಬಿನ ಕೆಲವು ಪರೀಕ್ಷೆಗಳನ್ನೇ ಕೆಡಿಸುತ್ತದೆ: ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ತೋರಿಸಿ, ಇಲ್ಲದ ಹೈಪರ್‌ಥೈರಾಯ್ಡ್ (ಥೈರಾಯ್ಡ್ ಅತಿಯಾಗಿ ಕೆಲಸ ಮಾಡುವುದು) ಇದೆ ಎನಿಸಬಹುದು. ಹೃದಯಾಘಾತ ಪತ್ತೆ ಮಾಡುವ ಟ್ರೋಪೋನಿನ್ ಕೂಡ ಕಡಿಮೆ ಕಾಣಿಸಬಹುದು. ಅಮೆರಿಕದಲ್ಲಿ ಆಹಾರ, ಔಷಧಿಗಳನ್ನು ನಿಯಂತ್ರಿಸುವ ಸರ್ಕಾರಿ ಸಂಸ್ಥೆ ಎಫ್‌ಡಿಎ ಈ ಬಗ್ಗೆ 2017ರಲ್ಲೇ ಎಚ್ಚರಿಕೆ ಕೊಟ್ಟಿದೆ. ಥೈರಾಯ್ಡ್ ಪರೀಕ್ಷೆಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ಡೋಸ್ ದೊಡ್ಡದಿದ್ದರೆ ಇನ್ನೂ ಮೊದಲೇ ನಿಲ್ಲಿಸಬೇಕಾ ಎಂದು ಲ್ಯಾಬಿನವರನ್ನು ಕೇಳಿ.

ಊರಲ್ಲಿ ವಾರಕ್ಕೊಂದು 60,000 ಯೂನಿಟ್ಟಿನ ಡಿ ಮಾತ್ರೆ ಕೊಡುತ್ತಿದ್ದರು. ಇಲ್ಲಿ ಅದು ಸಿಗುತ್ತಿಲ್ಲ.

60,000ದ ಸ್ಯಾಶೆ, ಕ್ಯಾಪ್ಸೂಲ್ ಭಾರತದ ಪದ್ಧತಿ. ಕೊರತೆ ಇರುವವರಿಗೆ ಕೆಲವು ವಾರ ಕೊಟ್ಟು ನಿಲ್ಲಿಸುವುದಕ್ಕೆ ಇರುವಂಥದ್ದು. ಹೊರದೇಶಗಳಲ್ಲಿ ದಿನಕ್ಕೊಂದು ಚಿಕ್ಕ ಡೋಸ್ ರೂಢಿ. 1 ಮೈಕ್ರೋಗ್ರಾಂ ಅಂದರೆ 40 ಯೂನಿಟ್. ಹಾಗಾಗಿ 10 ಮೈಕ್ರೋಗ್ರಾಂ 400 ಯೂನಿಟ್, 25 ಮೈಕ್ರೋಗ್ರಾಂ 1,000 ಯೂನಿಟ್. ಅಮೆರಿಕದ ಶಿಫಾರಸು 70 ವರ್ಷದ ತನಕ ದಿನಕ್ಕೆ 600 ಯೂನಿಟ್, ಆಮೇಲೆ 800. ಡಾಕ್ಟರ್ ಹೇಳದೆ ದಿನಕ್ಕೆ 4,000 ಯೂನಿಟ್ ದಾಟಬೇಡಿ.

ಅಪಾಯ ಆಗುವುದು ಎರಡು ಪದ್ಧತಿ ಬೆರೆತಾಗ. ಊರಿಂದ ತಂದ 60,000ದ ಕ್ಯಾಪ್ಸೂಲನ್ನು ಇಲ್ಲಿಯ ಮಾತ್ರೆಯ ಹಾಗೆ ದಿನವೂ ನುಂಗಿದರೆ ಕೆಲವು ವಾರಗಳಲ್ಲಿ ರಕ್ತದ ಕ್ಯಾಲ್ಸಿಯಂ ಏರುತ್ತದೆ: ವಾಂತಿ, ಮಲಬದ್ಧತೆ, ಅತಿ ಬಾಯಾರಿಕೆ, ಮಂಕು, ಕೊನೆಗೆ ಕಿಡ್ನಿಗೆ ಪೆಟ್ಟು. ವಯಸ್ಸಾದವರು ಮನೆಗೆ ಬಂದಿದ್ದರೆ ಆ ಸ್ಟ್ರಿಪ್ಪಿನ ಮೇಲೆ ದಪ್ಪ ಅಕ್ಷರದಲ್ಲಿ 'ಭಾನುವಾರ ಮಾತ್ರ' ಎಂದು ಬರೆದು ಬೇರೆ ಕಡೆ ಇಡಿ. ಡಿ ಮಾತ್ರೆಯನ್ನು ಊಟದ ಜೊತೆ, ಎಣ್ಣೆಯೋ ತುಪ್ಪವೋ ಇರುವ ಊಟದ ಜೊತೆ, ತಗೊಂಡರೆ ಚೆನ್ನಾಗಿ ಮೈಗೆ ಹತ್ತುತ್ತದೆ.

ಇಲ್ಲಿ ಅಂಗಡಿಯಲ್ಲಿ ಇಟ್ಟಿದ್ದಾರೆ ಅಂದರೆ ಸರ್ಕಾರ ಪರೀಕ್ಷೆ ಮಾಡಿ ಬಿಟ್ಟಿರುತ್ತದಲ್ಲವಾ?

ಅಮೆರಿಕದಲ್ಲಿ ಇಲ್ಲ. 1994ರ ಕಾನೂನಿನ ಪ್ರಕಾರ ಸಪ್ಲಿಮೆಂಟುಗಳು ಔಷಧಿಯಲ್ಲ, ಆಹಾರದ ಒಂದು ಬಗೆ. ಮಾರಾಟಕ್ಕೆ ಮೊದಲು ಎಫ್‌ಡಿಎ ಒಪ್ಪಿಗೆ ಬೇಕಿಲ್ಲ. ಡಬ್ಬಿಯಲ್ಲಿ ಹೇಳಿದ್ದು ಒಳಗೆ ಇದೆ ಎನ್ನುವ ಹೊಣೆ ತಯಾರಕರದ್ದೇ. ಆದ್ದರಿಂದ ಹೊರಗಿನ ಸಂಸ್ಥೆ ಪರೀಕ್ಷಿಸಿ ಕೊಟ್ಟ ಮುದ್ರೆ ಹುಡುಕಿ. ಯುಎಸ್‌ಪಿ ವೆರಿಫೈಡ್ ಮುದ್ರೆ ಇದ್ದರೆ ಬರೆದಿರುವಷ್ಟು ಸತ್ವ ಒಳಗಿದೆ, ಕಲಬೆರಕೆ ಮಿತಿಯೊಳಗಿದೆ, ಮಾತ್ರೆ ಹೊಟ್ಟೆಯಲ್ಲಿ ಸರಿಯಾದ ಹೊತ್ತಿಗೆ ಕರಗುತ್ತದೆ ಎಂದರ್ಥ. ಎನ್‌ಎಸ್‌ಎಫ್ ಮುದ್ರೆಯೂ ನಂಬಿಕಸ್ಥ. ನೇಚರ್ ಮೇಡ್‌ನ ಹಲವು ಮಾತ್ರೆಗಳಿಗೆ, ಕಾಸ್ಟ್‌ಕೋದ ಕಿರ್ಕ್‌ಲ್ಯಾಂಡ್‌ನ ಕೆಲವಕ್ಕೆ ಯುಎಸ್‌ಪಿ ಮುದ್ರೆ ಇದೆ. ಮುದ್ರೆ ಸಿಗುವುದು ಆಯಾ ಮಾತ್ರೆಗೆ, ಇಡೀ ಕಂಪನಿಗಲ್ಲ. ಹಾಗಾಗಿ ನಿಮ್ಮ ಕೈಯಲ್ಲಿರುವ ಡಬ್ಬಿಯ ಮೇಲೇ ಇದೆಯಾ ನೋಡಿ. ಈ ಮುದ್ರೆ ಮಾತ್ರೆಯಿಂದ ನಿಮಗೆ ಗುಣವಾಗುತ್ತದೆ ಎಂದು ಹೇಳುವುದಿಲ್ಲ, ಬರೆದದ್ದು ಒಳಗಿದೆ ಎಂದಷ್ಟೇ ಹೇಳುತ್ತದೆ.

ಕೆನಡಾದಲ್ಲಿ ಡಬ್ಬಿಯ ಮೇಲೆ ಎನ್‌ಪಿಎನ್ ಎಂಬ ಎಂಟು ಅಂಕಿಯ ಸಂಖ್ಯೆ ಇರಬೇಕು. ಹೆಲ್ತ್ ಕೆನಡಾದ ವೆಬ್‌ಸೈಟಿನಲ್ಲಿ ಆ ಸಂಖ್ಯೆ ಹಾಕಿದರೆ ವಿವರ ಬರುತ್ತದೆ. ಆಸ್ಟ್ರೇಲಿಯಾದಲ್ಲಿ ಆಸ್ಟ್-ಎಲ್ ಸಂಖ್ಯೆ ನೋಡಿ. ಜರ್ಮನಿಯಲ್ಲಿ ಸಪ್ಲಿಮೆಂಟನ್ನು ಸರ್ಕಾರಿ ಕಚೇರಿಗೆ ತಿಳಿಸಿದರೆ ಸಾಕು, ಒಪ್ಪಿಗೆ ಬೇಕಿಲ್ಲ. ಡಿಎಮ್, ರೋಸ್‌ಮನ್ ಅಂಗಡಿಗಳ ಸಾದಾ ಮಾತ್ರೆಗಳು ದಿನದ ಬಳಕೆಗೆ ಸಾಕು. ಔಷಧಿ ಎಂದು ದಾಖಲಾದದ್ದೇ ಬೇಕಾದರೆ ಅಪೊಥೇಕೆಗೆ, ಅಂದರೆ ಔಷಧಿ ಅಂಗಡಿಗೆ, ಹೋಗಬೇಕು.

ಯಾವ ದೇಶದಲ್ಲೇ ಇರಲಿ, ಮೂರು ಬಗೆಯಿಂದ ದೂರ ಇರಿ: ತೂಕ ಇಳಿಸುವುದು, ಮೈಕಟ್ಟು ಬೆಳೆಸುವುದು, ಗಂಡಸರ ಶಕ್ತಿ ಹೆಚ್ಚಿಸುವುದು. ಬಚ್ಚಿಟ್ಟು ಬೆರೆಸಿದ ಔಷಧಿಗಳು ಎಫ್‌ಡಿಎಗೆ ಮತ್ತೆ ಮತ್ತೆ ಸಿಕ್ಕಿರುವುದು ಇವುಗಳಲ್ಲೇ. 'ಪ್ರೊಪ್ರೈಟರಿ ಬ್ಲೆಂಡ್' ಎಂದು ಬರೆದು ಯಾವುದು ಎಷ್ಟು ಎಂದು ಹೇಳದ ಡಬ್ಬಿಯನ್ನೂ ಹಾಗೇ ಶೆಲ್ಫಿಗೆ ವಾಪಸ್ ಇಡಿ.

ಡಬ್ಬಿಯ ಹಿಂದೆ ಏನು ಓದಬೇಕು?

ಮುಂಭಾಗ ಜಾಹೀರಾತು, ಹಿಂಭಾಗ ಲೆಕ್ಕ. ಮೊದಲು ನೋಡಬೇಕಾದ್ದು ಒಂದು ಸಲಕ್ಕೆ ಎಷ್ಟು ಮಾತ್ರೆ ಎನ್ನುವುದು. ಅಮೆರಿಕದಲ್ಲಿ ಅದು ಸರ್ವಿಂಗ್ ಸೈಜ್. ಮುಂದೆ ಕ್ಯಾಲ್ಸಿಯಂ 1,200 ಎಂದಿದ್ದು, ಹಿಂದೆ ಸರ್ವಿಂಗ್ ಅಂದರೆ ಎರಡು ಮಾತ್ರೆ ಎಂದಿದ್ದರೆ, ಒಂದು ಮಾತ್ರೆಯಲ್ಲಿ 600 ಮಾತ್ರ. 120 ಮಾತ್ರೆಯ ಡಬ್ಬಿ ಎರಡೇ ತಿಂಗಳು ಬರುತ್ತದೆ. ಬೆಲೆ ಹೋಲಿಸುವಾಗ ಡಬ್ಬಿಯ ಬೆಲೆಯನ್ನಲ್ಲ, ಒಂದು ದಿನದ ಖರ್ಚನ್ನು ಹೋಲಿಸಿ.

ಆಮೇಲೆ ಶೇಕಡಾ. ಒಂದೇ 25 ಮೈಕ್ರೋಗ್ರಾಂ ಡಿ ಮಾತ್ರೆ ಅಮೆರಿಕದ ಡಬ್ಬಿಯಲ್ಲಿ ಶೇ 125 ಎಂದು, ಯುರೋಪು, ಬ್ರಿಟನ್ನಿನ ಡಬ್ಬಿಯಲ್ಲಿ ಶೇ 500 ಎಂದು ಕಾಣುತ್ತದೆ. ಅಮೆರಿಕ ದಿನದ ಲೆಕ್ಕಕ್ಕೆ 20 ಮೈಕ್ರೋಗ್ರಾಂ ಹಿಡಿದರೆ ಯುರೋಪು 5 ಹಿಡಿಯುತ್ತದೆ, ಅಷ್ಟೇ ವ್ಯತ್ಯಾಸ. ಶೇಕಡಾ ನೋಡಿ ಹೆದರುವುದೂ ಬೇಡ, ಖುಷಿಪಡುವುದೂ ಬೇಡ. ಮೈಕ್ರೋಗ್ರಾಂ ಓದಿ.

ಮೂರನೆಯದು ಲವಣದ ತೂಕ ಮತ್ತು ಒಳಗಿನ ಖನಿಜದ ತೂಕ. ಇದರಲ್ಲೇ ಹೆಚ್ಚಿನವರು ಎಡವುವುದು. ಕ್ಯಾಲ್ಸಿಯಂ ಕಾರ್ಬೊನೇಟಿನಲ್ಲಿ ಶೇ 40 ಮಾತ್ರ ಕ್ಯಾಲ್ಸಿಯಂ, ಸಿಟ್ರೇಟಿನಲ್ಲಿ ಶೇ 21. ಭಾರತದ ಶೆಲ್‌ಕ್ಯಾಲ್ 500ರಲ್ಲಿ 1,250 ಮಿಲಿಗ್ರಾಂ ಕಾರ್ಬೊನೇಟ್ ಇದೆ, ಅದರಿಂದ ಬರುವ ಕ್ಯಾಲ್ಸಿಯಂ 500. ಅಮೆರಿಕದ ಐರನ್ ಡಬ್ಬಿಯಲ್ಲಿ ಫೆರಸ್ ಸಲ್ಫೇಟ್ 325 ಎಂದಿದ್ದರೆ ಅದರಲ್ಲಿ ಐರನ್ 65. ಬ್ರಿಟನ್ನಿನ 210 ಮಿಲಿಗ್ರಾಂ ಫೆರಸ್ ಫ್ಯೂಮರೇಟಿನಲ್ಲಿ ಸುಮಾರು 68. ಭಾರತದ ಫೆರಸ್ ಆಸ್ಕಾರ್ಬೇಟ್ ಮಾತ್ರೆಯಲ್ಲಿ ಸಾಮಾನ್ಯವಾಗಿ ಐರನ್ನೇ 100. ಹೆಸರಿನ ಪಕ್ಕದ ಅಂಕಿ ನೋಡಿ ಇದು ಜಾಸ್ತಿ, ಅದು ಕಡಿಮೆ ಎಂದು ತೀರ್ಮಾನಿಸಿದರೆ ಪೂರ್ತಿ ಉಲ್ಟಾ ಆಗುತ್ತದೆ.

ಕ್ಯಾಲ್ಸಿಯಂ ಯಾವುದು ಒಳ್ಳೆಯದು?

ಹಾಲು, ಮೊಸರು, ರಾಗಿ ದಿನವೂ ಇರುವ ಮನೆಯಲ್ಲಿ ಮಾತ್ರೆ ಬೇಕಾಗುವುದೇ ಕಡಿಮೆ. ಬೇಕಾದರೆ, ಕಾರ್ಬೊನೇಟ್ ಅಗ್ಗ, ಊಟದ ಜೊತೆಗೇ ತಗೊಳ್ಳಬೇಕು. ಗ್ಯಾಸ್ಟ್ರಿಕ್ ಮಾತ್ರೆ ದಿನವೂ ತಗೊಳ್ಳುವವರಿಗೆ ಸಿಟ್ರೇಟ್ ಮೇಲು, ಅದಕ್ಕೆ ಹೊಟ್ಟೆಯ ಆಮ್ಲ ಅಷ್ಟು ಬೇಕಿಲ್ಲ. ಒಂದು ಸಲಕ್ಕೆ 500 ಮಿಲಿಗ್ರಾಂಗಿಂತ ಹೆಚ್ಚು ಕೊಟ್ಟರೆ ಹೀರಿಕೊಳ್ಳುವ ಪಾಲು ಇಳಿಯುತ್ತದೆ.

ದಿನಕ್ಕೆ ಬೇಕಿರುವುದು 2.4 ಮೈಕ್ರೋಗ್ರಾಂ ಬಿ12. ಮಾತ್ರೆಯಲ್ಲಿ 1,000 ಯಾಕೆ?

ಹೊಟ್ಟೆಯಲ್ಲಿ ಬಿ12 ಹೀರಿಕೊಳ್ಳಲು ನೆರವಾಗುವ ಒಂದು ಪ್ರೋಟೀನ್ ಇದೆ, ಅದು ಒಂದು ಸಲಕ್ಕೆ ಒಂದೆರಡು ಮೈಕ್ರೋಗ್ರಾಂ ಮಾತ್ರ ಸಾಗಿಸಬಲ್ಲದು. ಮಿಕ್ಕದ್ದರಲ್ಲಿ ನೂರಕ್ಕೆ ಒಂದು ಪಾಲು ತಾನಾಗಿ ಒಳಗೆ ಇಳಿಯುತ್ತದೆ. ಹೀಗೆ 1,000 ನುಂಗಿದರೆ ಮೈಗೆ ಹತ್ತುವುದು ಸುಮಾರು ಹತ್ತು. ಆದ್ದರಿಂದ ದಿನಕ್ಕೊಂದು ಚಿಕ್ಕ ಡೋಸ್ ಅಥವಾ ವಾರಕ್ಕೆರಡು ಸಲ 1,000, ಯಾವುದಾದರೂ ನಡೆಯುತ್ತದೆ. ಇದು ಕೊರತೆ ಬಾರದ ಹಾಗೆ ನೋಡಿಕೊಳ್ಳಲು. ಆಗಲೇ ಕೊರತೆ ಇದ್ದವರಿಗೆ ಡಾಕ್ಟರ್ ಇಂಜೆಕ್ಷನ್ನೋ ದಿನವೂ ದೊಡ್ಡ ಡೋಸೋ ಕೊಡುತ್ತಾರೆ.

ಮೀಥೈಲ್‌ಕೊಬಾಲಮಿನ್ ಅಂತ ದುಬಾರಿ ಡಬ್ಬಿಯೇ ಬೇಕಿಲ್ಲ. ಸಯನೋಕೊಬಾಲಮಿನ್ ಅಗ್ಗ, ಹೆಚ್ಚು ಕಾಲ ಕೆಡದೆ ಇರುತ್ತದೆ, ಕೆಲಸ ಮಾಡುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತಗೊಳ್ಳುತ್ತಿರುವವರಲ್ಲಿ ಬಿ12 ಇಳಿಯುತ್ತದೆ. ಪಾದ ಉರಿ, ಜೋಮು ಬಂದರೆ 'ಶುಗರ್‌ನಿಂದ' ಎಂದು ಸುಮ್ಮನಾಗದೆ ಬಿ12 ನೋಡಿಸಿ. ಹಾಗೆಯೇ ದೊಡ್ಡ ಡೋಸಿನ ಫೋಲಿಕ್ ಆಸಿಡ್ ಒಂದನ್ನೇ ತಗೊಂಡರೆ ರಕ್ತಹೀನತೆ ಸರಿಹೋಗಿ, ಬಿ12 ಕೊರತೆ ಒಳಗೊಳಗೇ ನರಗಳಿಗೆ ಹಾನಿ ಮಾಡುತ್ತಾ ಹೋಗುತ್ತದೆ.

ಐರನ್ ಮಾತ್ರೆ ತಗೊಂಡರೂ ಹಿಮೋಗ್ಲೋಬಿನ್ ಏರುತ್ತಿಲ್ಲ. ಯಾಕೆ?

ನಮ್ಮವರ ಮನೆಯಲ್ಲಿ ಮೊದಲು ಅನುಮಾನಿಸಬೇಕಾದ್ದು ಕಾಫಿ. ತಿಂಡಿ, ಮಾತ್ರೆ, ಅದರ ಹಿಂದೆಯೇ ಫಿಲ್ಟರ್ ಕಾಫಿ ಎನ್ನುವ ಕ್ರಮದಲ್ಲಿ ಐರನ್‌ನ ಬಹಳಷ್ಟು ಪಾಲು ಕಾಫಿಯ ಜೊತೆ ಕಟ್ಟಿಕೊಂಡು ಹೊರಗೆ ಹೋಗುತ್ತದೆ. ಚಹಾ ಇನ್ನೂ ಕೆಟ್ಟದ್ದು. ಹಾಲು, ಕ್ಯಾಲ್ಸಿಯಂ ಮಾತ್ರೆಯೂ ಅಡ್ಡಿಯೇ. ಕಾಫಿ ಕುಡಿಯುವ ಒಂದು ಗಂಟೆ ಮೊದಲು, ಅಥವಾ ಕುಡಿದು ಎರಡು ಗಂಟೆ ಆದ ಮೇಲೆ, ನಿಂಬೆಹಣ್ಣಿನ ಪಾನಕದ ಜೊತೆಯೋ ಕಿತ್ತಳೆ ರಸದ ಜೊತೆಯೋ ತಗೊಳ್ಳಿ. ಹೊಟ್ಟೆ ತೊಳಸಿದರೆ ಸ್ವಲ್ಪ ಏನಾದರೂ ತಿಂದು ತಗೊಳ್ಳಬಹುದು.

ದಿನ ಬಿಟ್ಟು ದಿನ ತಗೊಂಡರೆ ಪ್ರತಿ ಮಾತ್ರೆಯಿಂದ ಹೀರಿಕೊಳ್ಳುವ ಪಾಲು ಹೆಚ್ಚುತ್ತದೆ, ಮಲಬದ್ಧತೆಯೂ ಕಡಿಮೆ. ಮಲ ಕಪ್ಪಾಗುವುದು ಸಹಜ. ಹಿಮೋಗ್ಲೋಬಿನ್ ಸರಿಯಾದ ಕೂಡಲೇ ನಿಲ್ಲಿಸಬೇಡಿ. ದೇಹದ ದಾಸ್ತಾನು, ಅಂದರೆ ಫೆರಿಟಿನ್, ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ಗಂಡಸರು, ಮುಟ್ಟು ನಿಂತವರು ಪರೀಕ್ಷೆ ಇಲ್ಲದೆ ಐರನ್ ತಗೊಳ್ಳಬಾರದು. ಇವರಲ್ಲಿ ಐರನ್ ಕಡಿಮೆಯಾದರೆ ಹೊಟ್ಟೆಯಲ್ಲೋ ಕರುಳಲ್ಲೋ ರಕ್ತ ಸೋರುತ್ತಿದೆಯಾ ಎಂದು ಹುಡುಕಬೇಕಾಗುತ್ತದೆ. ಮಾತ್ರೆಯಿಂದ ಆ ಸುಳಿವು ಮುಚ್ಚಿಹೋಗುತ್ತದೆ.

ಶುದ್ಧ ಸಸ್ಯಾಹಾರ ಎಂದು ಹೇಗೆ ತಿಳಿಯುವುದು? ಹಸಿರು ಚುಕ್ಕಿ ಇಲ್ಲಿ ಇರುವುದಿಲ್ಲ.

ಪದಾರ್ಥಗಳ ಪಟ್ಟಿಯೇ ದಾರಿ. ಅಮೆರಿಕದ ಡಬ್ಬಿಯಲ್ಲಿ ಅದು ಪೌಷ್ಟಿಕಾಂಶದ ಚೌಕದ ಕೆಳಗೆ 'ಅದರ್ ಇಂಗ್ರೀಡಿಯಂಟ್ಸ್' ಎಂದು ಚಿಕ್ಕ ಅಕ್ಷರದಲ್ಲಿರುತ್ತದೆ. ಜೆಲಾಟಿನ್ ಎಂದಿದ್ದರೆ ಅದು ದನ, ಹಂದಿ ಅಥವಾ ಮೀನಿನದ್ದು. ಹೊಳೆಯುವ ಎಣ್ಣೆ ಕ್ಯಾಪ್ಸೂಲುಗಳಲ್ಲಿ ಬಹುಪಾಲು ಜೆಲಾಟಿನ್ನೇ. ಹೈಪ್ರೊಮೆಲ್ಲೋಸ್ ಎಂದಿದ್ದರೆ ಸಸ್ಯಮೂಲದ ಕವಚ. ಕಾರ್ಮೈನ್, ಯುರೋಪಿನಲ್ಲಿ ಇ120, ಕೀಟದಿಂದ ಬಂದ ಕೆಂಪು ಬಣ್ಣ. ಮೆಗ್ನೀಸಿಯಂ ಸ್ಟಿಯರೇಟ್ ಎರಡೂ ಮೂಲದ್ದಿರಬಹುದು, ಕಂಪನಿಗೆ ಮೇಲ್ ಹಾಕಿದರೆ ಹೇಳುತ್ತಾರೆ.

ವಿಟಮಿನ್ ಡಿ3 ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ಬರುತ್ತದೆ, ಇದಕ್ಕಾಗಿ ಕುರಿಯನ್ನು ಕೊಲ್ಲಬೇಕಿಲ್ಲ. ಅದನ್ನು ಒಪ್ಪುವ ಸಸ್ಯಾಹಾರಿಗಳು ಒಣ ಮಾತ್ರೆಯ ರೂಪದ ಡಿ3 ತಗೊಳ್ಳಬಹುದು. ಒಪ್ಪದವರಿಗೆ ಕಲ್ಲುಹೂವಿನ ಜಾತಿಯಿಂದ ತೆಗೆದ ವೀಗನ್ ಡಿ3 ಇದೆ. ಡಿ2 ಕೂಡ ಸಸ್ಯಾಹಾರವೇ, ರಕ್ತದ ಮಟ್ಟ ಏರಿಸಿ ನಿಲ್ಲಿಸುವುದರಲ್ಲಿ ಡಿ3ಗಿಂತ ಹಿಂದೆ. ಮೀನೆಣ್ಣೆಯ ಬದಲು ಪಾಚಿಯ ಎಣ್ಣೆ ಸಿಗುತ್ತದೆ. ಅದರಲ್ಲಿ ಎಷ್ಟು ಎಣ್ಣೆ ಇದೆ ಎನ್ನುವುದಲ್ಲ, ಒಮೆಗಾ-3 ಕೊಬ್ಬುಗಳಾದ ಡಿಎಚ್‌ಎ, ಇಪಿಎ ಎಷ್ಟು ಎಂದು ನೋಡಿ.

ಗಮ್ಮಿ, ಅಂದರೆ ಜಗಿಯುವ ಸಿಹಿ ವಿಟಮಿನ್, ತಗೊಳ್ಳಬಹುದಾ?

ನಾವು ಬೇಡ ಎನ್ನುತ್ತೇವೆ. ಹಲವದರಲ್ಲಿ ಜೆಲಾಟಿನ್, ಸಕ್ಕರೆ ಇರುತ್ತದೆ, ಐರನ್ ಮಾತ್ರ ಬಹಳ ಗಮ್ಮಿಗಳಲ್ಲಿ ಇರುವುದೇ ಇಲ್ಲ, ಮಕ್ಕಳು ಚಾಕೊಲೇಟ್ ಎಂದು ತಿಂದುಬಿಡುತ್ತಾರೆ. ಮಾತ್ರೆ ನುಂಗಲಾಗದವರು ಹನಿ ಅಥವಾ ಚೀಪುವ ಮಾತ್ರೆ ನೋಡಿ.

ಆನ್‌ಲೈನಿನಲ್ಲಿ ತರಿಸುವಾಗ?

ಅಮೆಜಾನ್‌ನಲ್ಲಿ ಬ್ರ್ಯಾಂಡಿನ ಹೆಸರು ಸರಿಯಿದ್ದರೂ ಮಾರುವವರು ಬೇರೆ ಯಾರೋ ಆಗಿರಬಹುದು. ಬ್ರ್ಯಾಂಡೇ ಮಾರುತ್ತಿದೆಯಾ ನೋಡಿ, ಇಲ್ಲದಿದ್ದರೆ ನೀವಿರುವ ಕಡೆಯ ಫಾರ್ಮಸಿಯಿಂದ ತನ್ನಿ. ಬಂದ ಮೇಲೆ ಮುಚ್ಚಳದ ಒಳಗಿನ ಸೀಲು, ಬ್ಯಾಚ್ ಸಂಖ್ಯೆ, ಅವಧಿ ಮೂರನ್ನೂ ನೋಡಿ. ದಿನಾಂಕದಲ್ಲಿ ಒಂದು ತೊಡಕಿದೆ: 03/04/27 ಅಮೆರಿಕದಲ್ಲಿ ಮಾರ್ಚ್ 4, ಬ್ರಿಟನ್ನಿನಲ್ಲಿ ಭಾರತದ ಹಾಗೆ ಏಪ್ರಿಲ್ 3. ಅಮೆರಿಕದಲ್ಲಿ ಸಪ್ಲಿಮೆಂಟಿನ ಮೇಲೆ ಅವಧಿ ಹಾಕಲೇಬೇಕು ಎನ್ನುವ ನಿಯಮವೂ ಇಲ್ಲ. ಹಾಕದಿರುವುದನ್ನು ಕೊಳ್ಳಬೇಡಿ. ತಂದದ್ದನ್ನು ಬಚ್ಚಲುಮನೆಯಲ್ಲಿ, ಒಲೆಯ ಮೇಲಿನ ಕಪಾಟಿನಲ್ಲಿ ಇಡಬೇಡಿ. ತೇವ ಎಳೆಯುವ ಚಿಕ್ಕ ಪೊಟ್ಟಣ ಡಬ್ಬಿಯಲ್ಲೇ ಇರಲಿ.

ಅಮೆರಿಕದ ಎಚ್‌ಎಸ್‌ಎ, ಎಫ್‌ಎಸ್‌ಎ (ಆರೋಗ್ಯದ ಖರ್ಚಿಗೆಂದು ತೆರಿಗೆ ಇಲ್ಲದೆ ಎತ್ತಿಡುವ ಖಾತೆಗಳು) ದುಡ್ಡಿನಲ್ಲಿ ಬಸುರಿಯರ ವಿಟಮಿನ್ ಕೊಳ್ಳಬಹುದು. ಸಾಮಾನ್ಯ ಮಲ್ಟಿವಿಟಮಿನ್‌ಗೆ ಡಾಕ್ಟರ ಪತ್ರ ಬೇಕು.

ಊರಿಂದ ತಂದುಕೊಳ್ಳಬಹುದಾ? ಪಾರ್ಸೆಲ್ ಕಳಿಸಿದರೆ ಬರುತ್ತಾ?

ಜೊತೆಯಲ್ಲಿ ತರುವುದಕ್ಕೂ ಪಾರ್ಸೆಲ್ಲಿಗೂ ಬಹಳ ವ್ಯತ್ಯಾಸವಿದೆ. ಜರ್ಮನಿಗೆ ಸ್ವಂತ ಬಳಕೆಗಾಗುವಷ್ಟು, ಸುಮಾರು ಮೂರು ತಿಂಗಳ ಪ್ರಮಾಣ, ಲಗೇಜಿನಲ್ಲಿ ತರಬಹುದು. ಆದರೆ ಭಾರತದಿಂದ ಅಂಚೆಯಲ್ಲಿ ಔಷಧಿ ತರಿಸಿಕೊಳ್ಳಲು ಸಾಮಾನ್ಯ ಜನರಿಗೆ ಅನುಮತಿಯಿಲ್ಲ. ಹೆಚ್ಚಿನ ಡೋಸಿನ ವಿಟಮಿನ್, ಆಯುರ್ವೇದದ ಗುಳಿಗೆಗಳನ್ನು ಅಲ್ಲಿನ ಕಸ್ಟಮ್ಸ್ ಔಷಧಿ ಎಂದೇ ಎಣಿಸಿ ತಡೆಯಬಹುದು. ಅಮೆರಿಕಕ್ಕೂ ಮೂರು ತಿಂಗಳ ಅಂದಾಜಿನಲ್ಲಿ, ಡಾಕ್ಟರ ಚೀಟಿಯ ಜೊತೆ, ಮೂಲ ಪ್ಯಾಕಿನಲ್ಲೇ ತನ್ನಿ.

ಊರಿನ ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕತ್ತರಿಸಿ ಆರು, ಎಂಟು ಮಾತ್ರೆ ಕೊಡುತ್ತಾರೆ. ಬ್ಯಾಚು, ಅವಧಿ ಅಚ್ಚಾಗಿರುವ ತುದಿ ಅಂಗಡಿಯಲ್ಲೇ ಉಳಿದುಬಿಡುತ್ತದೆ. ಪೂರ್ತಿ ಸ್ಟ್ರಿಪ್ಪನ್ನು ಪೆಟ್ಟಿಗೆಯ ಸಮೇತ, ಬಿಲ್ಲಿನ ಸಮೇತ ಕೇಳಿ ತಗೊಳ್ಳಿ. ಬಿಡಿ ಮಾತ್ರೆಗಳನ್ನು ಪ್ಲಾಸ್ಟಿಕ್ ಕವರಿಗೆ ಸುರಿದು ತರಬೇಡಿ.

ಯುಎಇಗೆ ಹೋಗುವವರು ಕೋಡೀನ್, ಟ್ರಮಡಾಲ್ ಇರುವ ಮಾತ್ರೆಗಳಿಗೆ ಮುಂಚಿತ ಅನುಮತಿ ಪಡೆಯಲೇಬೇಕು. ಮಾತ್ರೆಯ ವಿಷಯವಲ್ಲದಿದ್ದರೂ ಹೇಳಬೇಕಾದ್ದು: ಪಾಯಸಕ್ಕೆಂದು ಅಮ್ಮ ಕಟ್ಟಿಕೊಡುವ ಗಸಗಸೆ ಅಲ್ಲಿ ನಿಷೇಧ, ಜೈಲಿನ ತನಕ ಹೋಗಬಹುದು. ಅಮೆರಿಕದಲ್ಲಿ ಯಾರು ಬೇಕಾದರೂ ಕೊಳ್ಳಬಹುದಾದ ನಿದ್ದೆಯ ಮೆಲಟೋನಿನ್ ಬ್ರಿಟನ್ನಿನಲ್ಲಿ ಡಾಕ್ಟರ ಚೀಟಿ ಇಲ್ಲದೆ ಸಿಗುವುದಿಲ್ಲ.

ಆಯುರ್ವೇದದ್ದಾದರೆ ತೊಂದರೆ ಇಲ್ಲ ಅಲ್ಲವಾ? ಅಶ್ವಗಂಧ, ಅರಿಶಿನದ ಕ್ಯಾಪ್ಸೂಲ್?

ತೊಂದರೆ ಇದೆ, ಇದನ್ನು ಮುಚ್ಚಿಡುವುದು ತಪ್ಪು. 2004ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಬಾಸ್ಟನ್ ಸುತ್ತಮುತ್ತಲ ಅಂಗಡಿಗಳಿಂದ ಕೊಂಡ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಸಿಕ್ಕಿತು. 2008ರಲ್ಲಿ ಪ್ರಕಟವಾದ ಇನ್ನೊಂದರಲ್ಲಿ, ಇಂಟರ್ನೆಟ್ಟಿನಲ್ಲಿ ಕೊಂಡ 193ರಲ್ಲಿ ಐದರಲ್ಲೊಂದು ಹಾಗೇ ಇತ್ತು, ಲೋಹ, ಖನಿಜ ಬೆರೆಸಿ ಮಾಡುವ ರಸಶಾಸ್ತ್ರದ ಔಷಧಿಗಳಲ್ಲಂತೂ ನೂರಕ್ಕೆ 40. ಭಸ್ಮ, ರಸ, ಸಿಂಧೂರ ಎಂದು ಹೆಸರಿರುವುದನ್ನು ಬಸುರಿಯರಿಗೆ, ಮಕ್ಕಳಿಗೆ ಕೊಡಲೇಬೇಡಿ. ಬ್ರಿಟನ್ನಿನಲ್ಲಿ ಗಿಡಮೂಲಿಕೆಯ ಔಷಧಿಗೆ ಟಿಎಚ್‌ಆರ್ (ಸಾಂಪ್ರದಾಯಿಕ ಗಿಡಮೂಲಿಕೆ ಔಷಧಿಯ ನೋಂದಣಿ) ಮುದ್ರೆ ನೋಡಿ.

ಅಶ್ವಗಂಧದಿಂದ ಲಿವರ್‌ಗೆ ಹಾನಿಯಾದ ವರದಿಗಳಿವೆ. ಥೈರಾಯ್ಡ್ ಇರುವವರಿಗೆ, ಬಸುರಿಯರಿಗೆ ಅದು ಸಲ್ಲದು. ಡೆನ್ಮಾರ್ಕ್ 2023ರಲ್ಲಿ ನಿಷೇಧಿಸಿತು. ಸಾರಿಗೆ, ಪಲ್ಯಕ್ಕೆ ಹಾಕುವ ಅರಿಶಿನದಿಂದ ಏನೂ ಆಗುವುದಿಲ್ಲ. ಆದರೆ ಕರ್ಕ್ಯುಮಿನ್ ಸಾರವನ್ನು ಕಾಳುಮೆಣಸಿನ ಪೈಪರಿನ್ ಸೇರಿಸಿ ಹೀರುವಿಕೆ ಹೆಚ್ಚಿಸಿದ ಕ್ಯಾಪ್ಸೂಲ್ ಬೇರೆಯೇ ವಸ್ತು, ಅದರಿಂದ ಲಿವರ್ ಕೆಟ್ಟವರಿದ್ದಾರೆ. ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ, ಕಣ್ಣು ಹಳದಿಯಾದರೆ ತಕ್ಷಣ ನಿಲ್ಲಿಸಿ ಡಾಕ್ಟರ ಬಳಿ ಡಬ್ಬಿ ತಗೊಂಡೇ ಹೋಗಿ.

ಥೈರಾಯ್ಡ್, ಹೃದಯದ ಮಾತ್ರೆ ಇದ್ದರೆ?

ಥೈರಾಕ್ಸಿನ್ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಕ್ಯಾಲ್ಸಿಯಂ, ಐರನ್, ಇವುಗಳಲ್ಲಿ ಯಾವುದಾದರೂ ಇರುವ ಮಲ್ಟಿವಿಟಮಿನ್ ಅದಾದ ನಾಲ್ಕು ಗಂಟೆ ಮೇಲೆ. ರಾತ್ರಿ ಊಟಕ್ಕೆ ಇಟ್ಟುಕೊಂಡರೆ ಮರೆಯುವ ತಾಪತ್ರಯವಿಲ್ಲ. ವಾರ್ಫರಿನ್, ಅಥವಾ ಭಾರತದಲ್ಲಿ ಹೆಚ್ಚು ಕೊಡುವ ಅಸಿಟ್ರೋಮ್ ತಗೊಳ್ಳುವವರು 'ಡಿ3 ಜೊತೆ ಕೆ2' ಡಬ್ಬಿಗಳನ್ನು ಮುಟ್ಟಬಾರದು. ವಿಟಮಿನ್ ಕೆ ಆ ಔಷಧಿಯ ಕೆಲಸವನ್ನೇ ತಡೆಯುತ್ತದೆ.

ಮಗುವಿಗೆ ತಯಾರಿ ನಡೆಸಿದ್ದೇವೆ. ಏನು ಕೊಳ್ಳಬೇಕು?

ಗರ್ಭ ನಿಲ್ಲುವ ಮೊದಲಿನಿಂದ 12 ವಾರದವರೆಗೆ ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಸಿಡ್. ಅಮೆರಿಕದ ಡಬ್ಬಿಯಲ್ಲಿ 'ಡಿಎಫ್‌ಇ' (ಆಹಾರದ ಫೋಲೇಟಿಗೆ ಸಮನಾದ ಲೆಕ್ಕ) ಎಂದು 665ರ ಆಸುಪಾಸಿನ ಅಂಕಿ ಇದ್ದರೆ ಅದೇ 400, ಪಕ್ಕದಲ್ಲಿ ಫೋಲಿಕ್ ಆಸಿಡ್ ಎಷ್ಟು ಎಂದೂ ಬರೆದಿರುತ್ತದೆ. ಸಕ್ಕರೆ ಕಾಯಿಲೆ ಇರುವವರಿಗೆ ಬ್ರಿಟನ್ನಿನಲ್ಲಿ 5 ಮಿಲಿಗ್ರಾಂ ಚೀಟಿ ಬರೆದು ಕೊಡುತ್ತಾರೆ, ಮೊದಲೇ ಕೇಳಿ. ಡಬ್ಬಿಯಲ್ಲಿ ಅಯೋಡಿನ್ 150 ಮೈಕ್ರೋಗ್ರಾಂ ಇದೆಯಾ ನೋಡಿ. ರೆಟಿನಾಲ್ ರೂಪದ ವಿಟಮಿನ್ ಎ, ಕಾಡ್ ಲಿವರ್ ಎಣ್ಣೆ ಬೇಡ.

ಎದೆಹಾಲು ಕುಡಿಯುವ ಕೂಸಿಗೆ ಅಮೆರಿಕದಲ್ಲಿ ಮೊದಲ ದಿನಗಳಿಂದಲೇ 400 ಯೂನಿಟ್ ಡಿ ಹನಿ ಹೇಳುತ್ತಾರೆ, ಬ್ರಿಟನ್ನಿನಲ್ಲಿ 8.5ರಿಂದ 10 ಮೈಕ್ರೋಗ್ರಾಂ. ಇಲ್ಲಿ ಬಹಳ ಜಾಗ್ರತೆ ಬೇಕು. ಒಂದು ಕಂಪನಿಯ ಬಾಟಲಿಯಲ್ಲಿ 400 ಯೂನಿಟ್ ಅಂದರೆ ಒಂದೇ ಹನಿ, ಇನ್ನೊಂದರಲ್ಲಿ ಡ್ರಾಪರ್ ತುಂಬಾ ಒಂದು ಮಿಲಿಲೀಟರ್. ಹಳೇ ಬಾಟಲಿ ಮುಗಿದು ಹೊಸ ಕಂಪನಿಯದ್ದು ತಂದಾಗ, ಊರಿಂದ ಬಂದ ಅಜ್ಜಿ ಹಳೇ ಡ್ರಾಪರಿನಲ್ಲೇ ಒಂದು ಮಿಲಿಲೀಟರ್ ಕೊಟ್ಟರೆ ಹತ್ತಾರು ಪಟ್ಟು ಹೋಗುತ್ತದೆ. ಬಾಟಲಿಯ ಜೊತೆ ಬಂದ ಡ್ರಾಪರನ್ನೇ ಬಳಸಿ, ಎಷ್ಟು ಎಂದು ಬಾಟಲಿಗೆ ಚೀಟಿ ಅಂಟಿಸಿ, ಹಳೆಯದನ್ನು ಎಸೆದುಬಿಡಿ.

ಊರಿಗೆ ಹೋಗುವಾಗ ಅಪ್ಪ-ಅಮ್ಮನಿಗೆ, ಅತ್ತೆ-ಮಾವನಿಗೆ ಮಲ್ಟಿವಿಟಮಿನ್ ಒಯ್ಯಬಹುದಾ?

ಒಯ್ಯುವ ಮೊದಲು ಅವರು ಈಗ ತಗೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್ಪಿನ ಫೋಟೋ ವಾಟ್ಸಾಪಿನಲ್ಲಿ ತರಿಸಿಕೊಳ್ಳಿ. ಎಷ್ಟೋ ಸಲ ಅಲ್ಲಿ ಆಗಲೇ ಶೆಲ್‌ಕ್ಯಾಲ್, ಬಿಕೋಸೂಲ್, ವಾರದ 60,000 ಎಲ್ಲಾ ಇರುತ್ತದೆ. ಮೇಲೆ ಇನ್ನೊಂದು ಸೇರಿದರೆ ಎರಡೆರಡು ಸಲ ಆಗುತ್ತದೆ. 50 ದಾಟಿದವರಿಗೆ ಐರನ್ ಇಲ್ಲದ ಬಗೆ ಆರಿಸಿ. ದೊಡ್ಡ ಡಬ್ಬಿ ಒಂದರ ಬದಲು ಚಿಕ್ಕವೆರಡು ಒಯ್ಯಿರಿ. ನಮ್ಮ ಕರಾವಳಿಯ ಮಳೆಗಾಲದ ತೇವಕ್ಕೆ ತೆರೆದಿಟ್ಟ 300 ಮಾತ್ರೆಯ ಡಬ್ಬಿ ವರ್ಷವಿಡೀ ತಾಳುವುದಿಲ್ಲ.

ಮಗು ಐರನ್ ಮಾತ್ರೆ ನುಂಗಿಬಿಟ್ಟರೆ?

ಎಷ್ಟು ನುಂಗಿದೆ ಎಂದು ಲೆಕ್ಕ ಹಾಕುತ್ತಾ ಕೂರಬೇಡಿ, ವಾಂತಿ ಮಾಡಿಸಬೇಡಿ. ಅಮೆರಿಕದಲ್ಲಿ 1-800-222-1222, ಆಸ್ಟ್ರೇಲಿಯಾದಲ್ಲಿ 13 11 26ಕ್ಕೆ ಫೋನ್ ಮಾಡಿ. ಬ್ರಿಟನ್ನಿನಲ್ಲಿ 111. ಮಗು ಮಂಕಾಗಿದ್ದರೆ, ರಕ್ತ ವಾಂತಿ ಮಾಡಿದರೆ ಅಮೆರಿಕದಲ್ಲಿ 911, ಬ್ರಿಟನ್ನಿನಲ್ಲಿ 999, ಯುರೋಪಿನಲ್ಲಿ 112, ಆಸ್ಟ್ರೇಲಿಯಾದಲ್ಲಿ 000. ಡಬ್ಬಿ ಕೈಯಲ್ಲಿ ಹಿಡಿದೇ ಮಾತಾಡಿ. ಮಾತ್ರೆಯ ಹೆಸರು, ಒಂದರಲ್ಲಿ ಎಷ್ಟು ಮಿಲಿಗ್ರಾಂ ಐರನ್, ಎಷ್ಟು ಉಳಿದಿದೆ, ಮಗುವಿನ ತೂಕ ಎಷ್ಟು ಎಂದು ಅವರು ಕೇಳುತ್ತಾರೆ. ವಾಂತಿ ನಿಂತು ಕೆಲವು ಗಂಟೆ ಮಗು ಚೇತರಿಸಿಕೊಂಡ ಹಾಗೆ ಕಂಡರೂ ಆಸ್ಪತ್ರೆಗೆ ಹೋಗುವುದನ್ನು ಬಿಡಬೇಡಿ. ಐರನ್ ವಿಷದಲ್ಲಿ ಈ ನಡುವಿನ ಸುಧಾರಣೆ ಮೋಸದ್ದು, ಲಿವರ್‌ಗೆ, ಹೃದಯಕ್ಕೆ ಪೆಟ್ಟು ಬೀಳುವುದು ಅದರ ಆಮೇಲೆಯೇ.